ಅಕ್ಕನ ಪಾಲಿನ ಮುದ್ದೆ

ನಮ್ಮ ಮನೆಯ ಒಳ್ಳೆಯ ಭಾಗ ಹುಳುಗಳದ್ದು, ಉಳಿದದ್ದು ನಮ್ಮದು. ಆಂಧ್ರದ ಗಡಿಯೊಳಗಿನ ಮಡಕಶಿರಾ ಸುತ್ತಿನ ಕನ್ನಡದ ಹಳ್ಳಿಗಳಲ್ಲಿ ರೇಷ್ಮೆ ಸಾಕುವ ಯಾರ ಮನೆಗೆ ಹೋದರೂ ಆಗ ಇದೇ ಏರ್ಪಾಡು. ಗಾಳಿ ಬೆಳಕು ಚೆನ್ನಾಗಿರುವ ಉದ್ದನೆಯ ನಡುಮನೆಯಲ್ಲಿ ಬಿದಿರಿನ ತಟ್ಟೆಗಳು ಒಂದರ ಮೇಲೊಂದು. ಅಡಿಗೆ, ಊಟ, ಓದು, ನಿದ್ದೆ, ಜಗಳ ಎಲ್ಲವೂ ಹಿಂದಿನ ಸಣ್ಣ ಕೋಣೆಯಲ್ಲಿ. ಹುಳು ಮನೆಯಲ್ಲಿರುವಷ್ಟು ದಿನ ಅಮ್ಮ ಮೆಣಸಿನಕಾಯಿ ಹುರಿಯುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ. ಅಪ್ಪನಿಗೆ ಬೀಡಿ ಬೇಕೆನಿಸಿದರೆ ದೂರದ ಹುಣಸೆ ಮರದ ತನಕ ನಡೆಯಬೇಕು. ನೆಂಟರು ಬಂದರೆ ಬಾಗಿಲಲ್ಲೇ ಕಾಲಿಗೆ ಬ್ಲೀಚಿಂಗ್ ಪುಡಿಯ ನೀರು. ನಮಗೆ ಮೂವರಿಗೂ ಒಟ್ಟಿಗೆ ಕೆಮ್ಮು ಬಂದರೂ ಅಪ್ಪ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹುಳು ಒಂದು ಹೊತ್ತು ಸೊಪ್ಪು ಬಿಟ್ಟರೆ ಅವನ ಮುಖ ಬಾಡುತ್ತಿತ್ತು. ಇದನ್ನು ದೂರಾಗಿ ಹೇಳುತ್ತಿಲ್ಲ. ಸ್ವಲ್ಪ ದೂರು ಇದೆ, ಇರಲಿ.

ಆ ಹಿಂದಿನ ಕೋಣೆಯಲ್ಲಿ ನಾವು ಮೂರು ಮಕ್ಕಳು. ದೊಡ್ಡವಳು ಗಂಗಕ್ಕ, ಆಗ ಒಂಬತ್ತನೇ ಕ್ಲಾಸು, ದಿನಾ ಬಸ್ಸಿನಲ್ಲಿ ಮಡಕಶಿರಾದ ಹೈಸ್ಕೂಲಿಗೆ ಹೋಗಿ ಬರುತ್ತಿದ್ದಳು. ನಡುವಿನವಳು ನಾನು, ನಾಗರತ್ನ, ಹನ್ನೊಂದು ವರ್ಷ. ಕೊನೆಯವನು ಮಾರುತಿ, ಆರು ವರ್ಷ. ಅಪ್ಪ ಅಮ್ಮ ಸೊಪ್ಪು, ಹುಳು, ಹೊಲ ಎಂದು ಓಡಾಡುವಾಗ ನಮ್ಮನ್ನು ನೋಡಿಕೊಂಡವಳು ಗಂಗಕ್ಕ. ನನ್ನ ಜಡೆ ಹಾಕುವವಳು ಅವಳು, ಮಗ್ಗಿ ತಪ್ಪಿದರೆ ಕಿವಿ ಹಿಂಡುವವಳು ಅವಳು, ಮಾರುತಿಗೆ ತೊಡೆಯ ಮೇಲೆ ಕೂರಿಸಿಕೊಂಡು ಉಣ್ಣಿಸುವವಳೂ ಅವಳೇ. ಅವಳು ಹೇಳಿದ್ದನ್ನು ನಾವು ಅಮ್ಮ ಹೇಳಿದ್ದಕ್ಕಿಂತ ಹೆಚ್ಚಾಗಿ ಕೇಳುತ್ತಿದ್ದೆವು. ಮುಂದೆ ಆದದ್ದಕ್ಕೆಲ್ಲ ಅದೇ ಕಾರಣವಾಯಿತು ಎಂದು ಈಗ ಅನ್ನಿಸುತ್ತದೆ.

ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಊಟ ಬಿಡುತ್ತದೆ. ಪೊರೆ ಕಳಚುವ ಮೊದಲು ತಲೆ ಎತ್ತಿ ಅಲುಗಾಡದೆ ಕೂತುಬಿಡುತ್ತದೆ. ನಮ್ಮ ಕಡೆ ಅದಕ್ಕೆ ಹುಳು ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಆ ಹೊತ್ತಿನಲ್ಲಿ ಅದನ್ನು ಮುಟ್ಟಬಾರದು, ತಟ್ಟೆ ಅಲುಗಾಡಿಸಬಾರದು, ಸೊಪ್ಪು ಹಾಕಬಾರದು. ಸುಮ್ಮನೆ ಬಿಟ್ಟರೆ ತಾನೇ ಎದ್ದು, ಮೊದಲಿಗಿಂತ ಹೆಚ್ಚು ತಿನ್ನುತ್ತದೆ. ಅವಸರ ಪಟ್ಟು ಕೆಣಕಿದರೆ ಸಾಯುತ್ತದೆ. ಮಾತು ಬರುವ ಮೊದಲೇ ನಮಗೆ ಈ ಬುದ್ಧಿ ಬಂದಿತ್ತು. ಹಾಗಾಗಿ ಗಂಗಕ್ಕ ಒಂದು ದಿನ ಹಸಿವಿಲ್ಲ ಎಂದು ತಟ್ಟೆ ಸರಿಸಿದಾಗ, ಮಾರನೆಯ ದಿನವೂ ಸರಿಸಿದಾಗ, ಎರಡು ವಾರವಾದರೂ ಅರ್ಧ ಲೋಟ ಮಜ್ಜಿಗೆ ಕುಡಿದು ಎದ್ದು ಹೋಗುವುದು ನಿಲ್ಲದಾಗ, ಅಮ್ಮ ಗಾಬರಿಯಾದರೆ ಅಪ್ಪ ಮಾತ್ರ ಆಗಲಿಲ್ಲ.

"ಯಾರೂ ಅವಳ್ನ ಕೆಣಕ್ಬೇಡ್ರಿ. ಜ್ವರಕ್ಕೆ ಕುಂತವ್ಳೆ. ಎದ್ಮೇಲೆ ತಾನೇ ಉಣ್ತಾಳೆ, ಎರಡರಷ್ಟು ಉಣ್ತಾಳೆ."

"ಹುಳ ಒಂದಿನ ಕುಂತ್ಕಂತೈತೆ. ಇವ್ಳು ಕುಂತು ಹದಿನೈದು ದಿನ ಆಯ್ತಲ್ಲ," ಅಂದಳು ಅಮ್ಮ.

"ಹುಳಾನೇ ಬೇರೆ, ಮನುಷ್ಯರೇ ಬೇರೆ ಕಣೇ," ಅಂದ ಅಪ್ಪ, ತನ್ನ ಮಾತಿಗೆ ತಾನೇ ಅಡ್ಡ ಬಂದದ್ದು ತಿಳಿಯದೆ.

ಹೀಗೆ ನಮ್ಮ ಮನೆಯಲ್ಲಿ ಊಟದ ಮಾತೇ ನಿಂತಿತು. ಗಂಗಕ್ಕ ಬಂದರೆ ಎಲ್ಲರೂ ಮೆಲ್ಲಗೆ ಮಾತಾಡುವುದು, ಪಾತ್ರೆ ಸದ್ದು ಮಾಡದೆ ಇಡುವುದು, ಅವಳ ತಟ್ಟೆಯ ಕಡೆ ನೋಡದೆ ಇರುವುದು. ನನಗೆ ಆ ಸದ್ದಿಲ್ಲದ ಊಟಗಳು ಹೆದರಿಕೆ ಹುಟ್ಟಿಸುತ್ತಿದ್ದವು. ಅವಳು ಯಾಕೆ ಬಿಟ್ಟಳು? ಹೈಸ್ಕೂಲಿನಲ್ಲಿ ಯಾರೋ ದಪ್ಪ ಎಂದು ಆಡಿಕೊಂಡರು ಅನ್ನುತ್ತಾಳೆ ಅಮ್ಮ. ಪರೀಕ್ಷೆಯ ಭಯ ಅನ್ನುತ್ತಿದ್ದ ಅಪ್ಪ. ದೊಡ್ಡವಳಾದಾಗ ಆರತಿಗೆ ಬಂದ ಹೆಂಗಸರೆಲ್ಲ ಅವಳ ಸೊಂಟ, ಎದೆ, ಕೆನ್ನೆ ಎಲ್ಲದರ ಬಗ್ಗೆ ಅವಳ ಎದುರೇ ಒಂದೊಂದು ಮಾತು ಹೇಳಿ ಹೋಗಿದ್ದರು; ಅದೇ ಇರಬೇಕೆಂದು ನನಗೆ ಒಂದು ಕಾಲದಲ್ಲಿ ಖಾತ್ರಿಯಾಗಿತ್ತು. ಈಗ ಖಾತ್ರಿಯಿಲ್ಲ. ಗಂಗಕ್ಕನಿಗೇ ಗೊತ್ತಿಲ್ಲದ್ದನ್ನು ನಾವು ಹೇಳಿ ಮುಗಿಸುವುದು ತರವಲ್ಲ.

ತಿಂಗಳು ಕಳೆದರೂ ಅವಳು ಏಳಲಿಲ್ಲ. ಅಮ್ಮನ ತಾಳ್ಮೆ ಒಂದು ಸಂಜೆ ಕೆಟ್ಟಿತು. ಅವರೆಕಾಳಿನ ಸಾರು ಮಾಡಿದ್ದಳು. ಗಂಗಕ್ಕನ ಪಕ್ಕ ಕೂತು, ಎಡಗೈಯಲ್ಲಿ ಕೆನ್ನೆ ಅದುಮಿ ಹಿಡಿದು, ಬಲಗೈಯಿಂದ ಮುದ್ದೆಯ ತುತ್ತು ಬಾಯೊಳಗೆ ತಳ್ಳಿದಳು. ಗಂಗಕ್ಕ ಉಗಿದಳು. ಮತ್ತೆ ತಳ್ಳಿದಳು, ಮತ್ತೆ ಉಗಿದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಪ್ಪ ಒಳಗೆ ಬಂದು ತಟ್ಟೆಯನ್ನು ಒದ್ದ. ಅದು ಒಲೆಗೆ ಬಡಿದು ಸಾರು ಗೋಡೆಗೆಲ್ಲ ಚಿಮ್ಮಿತು. ಅಪ್ಪ ಅನ್ನವನ್ನು ಒದ್ದದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಮಾರುತಿ ಓಡಿಹೋಗಿ ಹುಳುವಿನ ತಟ್ಟೆಗಳ ಸಂದಿಯಲ್ಲಿ ಅವಿತು ಕೂತ.

"ಸಾಯ್ಬೇಕು ಅಂತಿದ್ರೆ ಹೇಳ್ಬಿಡು! ದಿನಾ ಇಷ್ಟಿಷ್ಟೇ ನಮ್ಮನ್ನ ಯಾಕೆ ಸಾಯಿಸ್ತೀಯ?" ಅಂತ ಅಮ್ಮ ಕೂಗಿದಳು.

ಗಂಗಕ್ಕ ಗೋಡೆಗೆ ಸಿಡಿದ ಸಾರನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಅದಾದ ಎರಡನೆಯ ದಿನ ಮಧ್ಯಾಹ್ನ ನನ್ನನ್ನು ನಡುಮನೆಗೆ ಕರೆದಳು. ಮಾರುತಿ ಗೋಣಿಚೀಲದ ಮೇಲೆ ಮಲಗಿ ನಿದ್ದೆ ಹೋಗಿದ್ದ. ತಲೆಗೂದಲು ಬೆವರಿನಿಂದ ಅಂಟಿಕೊಂಡಿತ್ತು. ಗಂಗಕ್ಕ ನನ್ನ ಬಲಗೈ ಹಿಡಿದು ಅವನ ನೆತ್ತಿಯ ಮೇಲೆ ಒತ್ತಿದಳು. ಅವಳ ಬೆರಳುಗಳು ಎಷ್ಟು ತಣ್ಣಗಿದ್ದವು ಎಂದರೆ ಬೇಸಿಗೆಯ ಹೊಸಿಲಲ್ಲಿದ್ದೇವೆ ಎಂಬುದೇ ಮರೆತುಹೋಯಿತು.

"ಇವತ್ತಿಂದ ಸಂಜೆ ನನ್ ಮುದ್ದೆ ನೀನು ಉಣ್ಬೇಕು. ಅಮ್ಮಂಗೆ ಕಾಣ್ಬಾರ್ದು. ಯಾರಿಗೂ ಹೇಳಲ್ಲ ಅಂತ ಆಣೆ ಇಡು."

"ಬ್ಯಾಡ ಅಕ್ಕ, ತಮ್ಮನ ತಲೆ ಬ್ಯಾಡ."

"ಹೇಳ್ದಿದ್ರೆ ಅವನಿಗೇನೂ ಆಗಲ್ಲ. ಹೇಳಿದ್ರೆ ಮಾತ್ರ ಸಾಯ್ತಾನೆ. ಇಡು."

ನಾನು ಇಟ್ಟೆ. ಹನ್ನೊಂದು ವರ್ಷದ ಹುಡುಗಿಗೆ ಆಣೆ ಎಂದರೆ ಏನೆಂದು ಈಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ನಮ್ಮೂರಲ್ಲಿ ದೊಡ್ಡವರೇ ಮಕ್ಕಳ ತಲೆ ಮುಟ್ಟಿ ಸುಳ್ಳು ಹೇಳಲು ನಡುಗುತ್ತಿದ್ದರು. ಮಗನ ತಲೆಯ ಆಣೆ ಮುರಿದು ಮಗನನ್ನು ಕಳೆದುಕೊಂಡವರ ಕತೆಗಳನ್ನು ಸೊಪ್ಪು ಕತ್ತರಿಸುತ್ತಾ ಹೆಂಗಸರು ಹೇಳುತ್ತಿದ್ದರು, ಮನೆ ಗುರುತು, ಹೆಸರು ಎಲ್ಲದರ ಸಮೇತ. ಆ ಮಧ್ಯಾಹ್ನದಿಂದ ನನ್ನ ಬಾಯಿಗೂ ತಮ್ಮನ ಉಸಿರಿಗೂ ಗಂಟು ಬಿತ್ತು.

ಸಂಜೆ ಅಪ್ಪ, ಮಾರುತಿ ಉಂಡ ಮೇಲೆ ನಾವಿಬ್ಬರು ಹೆಣ್ಣುಮಕ್ಕಳು ಕೂರುತ್ತಿದ್ದೆವು. ಅಮ್ಮ ಸಾರು ಬಡಿಸಲು ಒಲೆಯ ಕಡೆ ತಿರುಗುವುದೇ ತಡ, ಗಂಗಕ್ಕನ ಮುದ್ದೆ ನನ್ನ ತಟ್ಟೆಗೆ ಉರುಳುತ್ತಿತ್ತು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಆ ರೂಢಿಯಿಂದ ಬಚಾವಾದೆ. ಅಮ್ಮ ಇತ್ತ ತಿರುಗುವಷ್ಟರಲ್ಲಿ ಅರ್ಧ ಇಳಿದಿರುತ್ತಿತ್ತು. ಗಂಗಕ್ಕ ಬೆರಳಿಗೆ ಸಾರು ಸವರಿಕೊಂಡು, ತುಟಿ ಒರೆಸಿಕೊಂಡು, ಖಾಲಿ ತಟ್ಟೆಯನ್ನು ಎತ್ತಿ ತೋರಿಸುತ್ತಿದ್ದಳು. ಮೊದಲ ದಿನ ಅಮ್ಮ ಅದನ್ನು ನೋಡಿ ಅಲ್ಲೇ ಕೂತು ಅತ್ತುಬಿಟ್ಟಳು. ಅಪ್ಪ ನಡುಮನೆಯಿಂದಲೇ ಕೂಗಿದ:

"ನಾನು ಹೇಳ್ಲಿಲ್ವಾ? ಎದ್ಲು! ಜ್ವರದಿಂದ ಎದ್ಲು ಮಗಳು!"

ಮಾರನೆಯ ದಿನದಿಂದ ಗಂಗಕ್ಕನಿಗೆ ಒಂದೂವರೆ ಮುದ್ದೆ. ವಾರ ಕಳೆದ ಮೇಲೆ ಮೇಲೊಂದು ಚಮಚ ತುಪ್ಪ. ಎಲ್ಲವೂ ನನ್ನ ಹೊಟ್ಟೆಗೆ. ಆರಂಭದಲ್ಲಿ ಹಿತ್ತಲಿಗೆ ಹೋಗಿ ವಾಂತಿ ಮಾಡುತ್ತಿದ್ದೆ. ಆಮೇಲೆ ಒಗ್ಗಿಹೋಯಿತು. ಇನ್ನೊಂದು ಮಾತನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಇಲ್ಲಿ ಬರೆದುಬಿಡುತ್ತೇನೆ. ಒಗ್ಗಿದ ಮೇಲೆ ನನಗೆ ಹಸಿವು ಹೆಚ್ಚಾಯಿತು. ಅಮ್ಮ ಕೋಳಿ ಸಾರು ಮಾಡಿದ ದಿನ ಅಕ್ಕನ ಪಾಲೂ ನನಗೇ ಬರುತ್ತದೆ ಎಂದು ಬಾಯಲ್ಲಿ ನೀರೂರಿತು. ಉಂಡು ಕೈ ತೊಳೆಯುವಾಗ ಗಂಗಕ್ಕ ಪಕ್ಕದಲ್ಲಿ ನಿಂತು ಹಿತ್ತಲ ಕಂಬ ಹಿಡಿದುಕೊಂಡಿದ್ದಳು. ಅವಳ ರವಿಕೆಯ ತೋಳಿನೊಳಗೆ ತೋಳೇ ಇಲ್ಲವೇನೋ ಎಂಬಂತೆ ಬಟ್ಟೆ ಜೋತಾಡುತ್ತಿತ್ತು. ನಾನು ಅಕ್ಕನನ್ನೇ ತಿಂದು ದಪ್ಪವಾಗುತ್ತಿದ್ದೇನೆ ಎಂಬ ಯೋಚನೆ ಅಲ್ಲಿ ಬಂದದ್ದು, ಮತ್ತೆ ಹೋಗಲೇ ಇಲ್ಲ.

ಅವಳ ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಬಿಸಿಲಲ್ಲಿ ನಿಂತರೂ ಚಳಿ. ಅಪ್ಪನ ಹಳೆಯ ಸ್ವೆಟರು ಹಾಕಿಕೊಂಡು, ಒಂದರ ಮೇಲೊಂದು ಎರಡು ಲಂಗ ಉಟ್ಟುಕೊಂಡು ಓಡಾಡುತ್ತಿದ್ದಳು. ಕೆನ್ನೆಯ ಮೇಲೆ, ಕೈ ಮೇಲೆ ಎಳೆಗೂಸಿಗಿರುವಂಥ ನವಿರು ಕೂದಲು ಬೆಳೆದಿತ್ತು. ನಾವಿಬ್ಬರೂ ಒಂದೇ ಕಂಬಳಿಯಲ್ಲಿ ಮಲಗುವವರು. ಬೆಳಗಿನ ಜಾವ ಎಚ್ಚರವಾದ ಕೂಡಲೇ ನಾನು ಮಾಡುತ್ತಿದ್ದ ಮೊದಲ ಕೆಲಸ ಅವಳ ಮೂಗಿನ ಕೆಳಗೆ ಬೆರಳಿಟ್ಟು ನೋಡುವುದು. ಉಸಿರು ತಾಗಿದರೆ ಎದ್ದು ಹೋಗಿ ಮಾರುತಿಯ ಮೂಗಿನ ಕೆಳಗೂ ಇಟ್ಟು ನೋಡುತ್ತಿದ್ದೆ. ಇಬ್ಬರದೂ ತಾಗಿದ ಮೇಲೆ ಹಲ್ಲುಜ್ಜಲು ಹೋಗುತ್ತಿದ್ದೆ.

ಅಪ್ಪ ಅಮ್ಮನಿಗೆ ಕಾಣಲಿಲ್ಲವೇ ಎಂದು ಕೇಳುವವರಿದ್ದಾರೆ. ಕಂಡಿತು. ಆದರೆ ಮೂರು ಹೊತ್ತೂ ತಟ್ಟೆ, ಡಬ್ಬಿ ಖಾಲಿಯಾಗಿ ಬರುತ್ತಿದ್ದ ಮಗಳು ಉಣ್ಣುತ್ತಿಲ್ಲ ಎಂದು ಯಾರು ಅಂದುಕೊಳ್ಳುತ್ತಾರೆ? ದೃಷ್ಟಿ ತೆಗೆದರು. ಜಂತುಹುಳಕ್ಕೆ ಔಷಧಿ ಕುಡಿಸಿದರು. ಎಳೆ ವಯಸ್ಸಿನಲ್ಲಿ ಹೀಗೇ ಉದ್ದಕ್ಕೆ ಎಳೆಯುತ್ತದೆ ಎಂದು ಅಪ್ಪ ತನಗೆ ತಾನೇ ಹೇಳಿಕೊಂಡ. ನನಗೆ ಮಾತ್ರ ಅಪ್ಪನ ಹುಳುವಿನ ಮಾತೇ ತಲೆಯಲ್ಲಿ ಕೊರೆಯುತ್ತಿತ್ತು. ನಾಲ್ಕನೇ ಜ್ವರದಿಂದ ಎದ್ದ ಹುಳು ಒಂದು ವಾರ ಬಕಾಸುರನ ಹಾಗೆ ತಿಂದು, ಆಮೇಲೆ ಊಟ ಪೂರ್ತಿ ಬಿಟ್ಟು, ಮೈ ಸಣ್ಣಗಾಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುವಷ್ಟು ತೆಳ್ಳಗಾಗಿ, ಗೂಡು ಕಟ್ಟಿಕೊಳ್ಳುತ್ತದೆ. ಆ ಗೂಡನ್ನು ಮೂಟೆ ಕಟ್ಟಿ ಹಿಂದೂಪುರದ ಮಾರ್ಕೆಟ್ಟಿಗೆ ಒಯ್ಯುತ್ತಾರೆ. ಗೂಡಿನ ಒಳಗಿದ್ದದ್ದು ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಗಂಗಕ್ಕ ಕಿಟಕಿಯ ಬೆಳಕಿನಲ್ಲಿ ಕೂತು ಓದುವಾಗ ಅವಳ ಕಿವಿಯ ಮೂಲಕ ಬೆಳಕು ಕೆಂಪಗೆ ಹಾಯುವುದನ್ನು ನೋಡಿ ನಾನು ಎದ್ದು ಹೊರಗೆ ಓಡಿದ್ದೇನೆ.

ಇನ್ನು ಮಾರುತಿಯ ಕಾವಲು. ನಾನು ಬಾಯಿ ಬಿಟ್ಟಿಲ್ಲವಾದರೂ ಆಣೆಗೆ ನನ್ನ ಮನಸ್ಸಿನೊಳಗಿನ ಮಾತು ಕೇಳಿಸಿದರೆ ಏನು ಗತಿ ಎಂಬ ಭಯ. ಹೇಳಿಬಿಡೋಣ ಎಂದು ಒಂದು ಗಳಿಗೆ ಅನ್ನಿಸಿದರೂ ಓಡಿಹೋಗಿ ಅವನು ಎಲ್ಲಿದ್ದಾನೆ ನೋಡಬೇಕು. ಬಾವಿಯ ಕಡೆ ಬಿಡುತ್ತಿರಲಿಲ್ಲ. ಹಿಪ್ಪುನೇರಳೆ ತೋಟದಲ್ಲಿ ಹಾವಿರುತ್ತದೆ ಎಂದು ಅವನ ಮುಂದೆ ಮುಂದೆ ಕೋಲು ಬಡಿಯುತ್ತಾ ನಡೆಯುತ್ತಿದ್ದೆ. ವಿಚಿತ್ರವೆಂದರೆ ಆ ದಿನಗಳಲ್ಲಿ ಅವನೂ ನನ್ನನ್ನು ಬಿಡುತ್ತಿರಲಿಲ್ಲ. ಸ್ಕೂಲಿನಲ್ಲಿ ಪಾಠದ ನಡುವೆ ಎದ್ದು ಬಂದು ನಮ್ಮ ಕ್ಲಾಸಿನ ಬಾಗಿಲಲ್ಲಿ ಇಣುಕುತ್ತಿದ್ದ. ನಾನು ಬಾವಿಗೆ ಕೊಡ ಇಳಿಸಿದರೆ ನನ್ನ ಲಂಗದ ತುದಿ ಹಿಡಿದು ಅಳುತ್ತಿದ್ದ. ನನಗೆ ಸಿಟ್ಟು ಬಂದು ಎರಡೇಟು ಹಾಕಿದ್ದೂ ಉಂಟು. ಅಕ್ಕನ ಬಾಲ ಎಂದು ಊರವರು ನಗುತ್ತಿದ್ದರು.

ಬೇಸಿಗೆ ರಜೆ ಬಂತು. ತಟ್ಟೆಗಳನ್ನು ತೊಳೆದು ಒಟ್ಟಿ, ಹುಳು ಸಾಕುವುದಕ್ಕೆ ಬಿಡುವು ಕೊಡುವ ಕಾಲ. ಗಾಳಿ ಬದಲಾದರೆ ಮೈ ಕೈ ತುಂಬಿಕೊಂಡೀತು ಎಂದು ಗಂಗಕ್ಕನನ್ನು ರಾಯದುರ್ಗದ ಅತ್ತೆಯ ಮನೆಗೆ ಕಳಿಸಿದರು. ಜೊತೆಗೆ ನಾನು. ಅತ್ತೆ ಅಪ್ಪನ ಅಕ್ಕ. ಮದುವೆಯಾಗಿ ರಾಯದುರ್ಗ ಸೇರಿದವಳು ಆ ಕಡೆಯ ಮಾತನ್ನೇ ಆಡುತ್ತಿದ್ದಳು. ಅವಳ ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮೆಷಿನ್ನು, ಮೂಲೆಯಲ್ಲಿ ಎದೆಯೆತ್ತರ ಜೀನ್ಸ್ ಪ್ಯಾಂಟಿನ ತುಂಡುಗಳು. ಬೆಳಿಗ್ಗೆಯಿಂದ ಸಂಜೆಯ ತನಕ ಜೇಬು ಕೂರಿಸುವುದೇ ಅವಳ ಕೆಲಸ. ಎಲ್ಲರ ಮೂಗಿನಲ್ಲೂ ನೀಲಿ ಧೂಳು. ಹೋದ ಮೂರನೆಯ ದಿನ, ಮೆಷಿನ್ನು ಖಾಲಿಯಿದ್ದ ಮಧ್ಯಾಹ್ನ, ನಮ್ಮಿಬ್ಬರಿಗೂ ಚೂಡಿದಾರ ಹೊಲಿದುಕೊಡುತ್ತೇನೆಂದು ಅತ್ತೆ ಟೇಪು ತೆಗೆದಳು.

"ಸ್ವೆಟ್ರು ತಗಿ ಗಂಗಾ. ಇಷ್ಟು ಬಿಸಿಲಾಗ ಯಾಕ ಹಾಕ್ಕೊಂಡೀ?"

"ಚಳಿ ಅತ್ತೆ."

"ಅಳತಿ ಸರಿ ಬರೂದಿಲ್ಲವಾ. ತಗಿ."

ಗಂಗಕ್ಕ ತೆಗೆಯಲಿಲ್ಲ. ಅತ್ತೆಯೇ ನಗುತ್ತಾ ತೆಗೆದಳು. ಸೊಂಟಕ್ಕೆ ಟೇಪು ಸುತ್ತಿದಳು, ನೋಡಿದಳು, ಬಿಚ್ಚಿ ಮತ್ತೆ ಸುತ್ತಿದಳು. ತೋಳಿಗೆ ಸುತ್ತಿದಳು. ಟೇಪು ಎಲ್ಲಾದರೂ ಮಡಚಿದೆಯೇ ಎಂದು ಉದ್ದಕ್ಕೂ ಎಳೆದು ನೋಡಿದಳು. ಆಮೇಲೆ ಅದೇ ಟೇಪನ್ನು ತನ್ನ ಮುಂಗೈಗೆ ಸುತ್ತಿಕೊಂಡಳು. ಅವಳ ನಗು ಎಲ್ಲಿ ಹೋಯಿತೋ. "ಹೋಗು, ಮಲಕ್ಕೋ ಹೋಗು," ಎಂದು ಗಂಗಕ್ಕನಿಗೆ ಸ್ವೆಟರು ತಾನೇ ಹಾಕಿ ಒಳಗೆ ಕಳಿಸಿದಳು. ನನ್ನನ್ನು ಹತ್ತಿರ ಕರೆದು, ನನಗೆ ಟೇಪು ಹಿಡಿಯದೆ, ನನ್ನ ಲಂಗದ ಅಂಚನ್ನು ಒಳಮಗ್ಗುಲಾಗಿ ತಿರುವಿ ಹೊಲಿಗೆ ನೋಡಿದಳು.

"ನಿನ್ನ ಲಂಗದ ಹೊಲಿಗಿ ಎರಡು ಸಲ ಬಿಚ್ಯಾರ. ಆಕಿದು ಎರಡು ಸಲ ಹಿಡದಾರ. ಒಂದ ಗಡಿಗ್ಯಾಗಿಂದು ಉಣ್ಣೋ ಮಕ್ಕಳು ನೀವು. ಏನು ನಡದೈತಿ ನಿಮ್ಮನ್ಯಾಗ?"

ನಾನು ಲಂಗದ ಅಂಚನ್ನು ಅವಳ ಕೈಯಿಂದ ಎಳೆದುಕೊಂಡೆ.

"ಆಕಿ ಉಣ್ಣೂದು ನೀ ಉಣ್ಣಾಕತ್ತೀ ಏನು? ಹೇಳವಾ. ನಾ ಬಡಿಯಂಗಿಲ್ಲ, ಬೈಯಂಗಿಲ್ಲ."

ಹಲ್ಲು ಕಚ್ಚಿ ಹಿಡಿದುಕೊಂಡೆ. ಅತ್ತೆಯ ಕಣ್ಣು ನನ್ನ ಮೇಲೆಯೇ ಇತ್ತು. ಒಳಗಿನಿಂದ ಗಂಗಕ್ಕನ ಕೆಮ್ಮು ಕೇಳಿಸಿತು. ಅವಳು ಎಚ್ಚರವಿದ್ದಾಳೆ, ಕೇಳಿಸಿಕೊಳ್ಳುತ್ತಿದ್ದಾಳೆ. ಹೇಳಿದರೆ ಮಾರುತಿ, ಹೇಳದಿದ್ದರೆ ಗಂಗಕ್ಕ. ಯಾವ ದೇವರೂ ಹನ್ನೊಂದು ವರ್ಷದವಳ ಮುಂದೆ ಇಂಥದ್ದನ್ನು ತಂದಿಡಬಾರದು. ಕೊನೆಗೆ ನನ್ನ ಬಾಯಿಂದ ಬಂದದ್ದು ಒಂದೇ ಮಾತು.

"ಹೇಳಿದ್ರೆ ಮಾರುತಿ ಸಾಯ್ತಾನೆ ಅತ್ತೆ."

ಅದನ್ನು ಹೇಳಿದ್ದೇ ಎಲ್ಲವನ್ನೂ ಹೇಳಿದಂತಾಯಿತು ಎಂದು ಹೇಳಿದ ಮೇಲೆ ಹೊಳೆಯಿತು. ಅತ್ತೆ ಜೀನ್ಸಿನ ರಾಶಿಯ ಮೇಲೆ ನನ್ನನ್ನು ಕೂರಿಸಿ, ನನ್ನ ಬಲಗೈ ತೆಗೆದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು.

"ಆಣಿ ಇಡಿಸ್ಕೊಂಡಾಳೇನು? ಆತು. ಆ ಆಣಿ ಈಗ ನಂದು. ಏನ್ ಬರ್ತೈತೋ ನನ್ನ ತಲಿ ಮ್ಯಾಲ ಬರ್ಲಿ. ಹೇಳೀಗ."

ಹೇಳಿದೆ. ಮುದ್ದೆ, ತುಪ್ಪ, ಕೋಳಿ ಸಾರು, ಮೂಗಿನ ಕೆಳಗಿನ ಬೆರಳು, ಎಲ್ಲ. ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿ, ಮೆಷಿನ್ನಿಗೆ ಬಟ್ಟೆ ಮುಚ್ಚಿ, ಮಾವನನ್ನು ಕರೆದು ಜೀಪು ತರಿಸಿದಳು. ಅದೇ ದಿನ ಸಂಜೆಯೊಳಗೆ ಬಳ್ಳಾರಿಗೆ. ಜೀಪಿನಲ್ಲಿ ಗಂಗಕ್ಕ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ದಾರಿಯ ಡಿ. ಹಿರೇಹಾಳ್ ಊರು ದಾಟುವಾಗ ಕಣ್ಣು ತೆರೆದು ನನ್ನನ್ನು ನೋಡಿದಳು. ಅಳಲಿಲ್ಲ, ಬೈಯಲಿಲ್ಲ.

"ಮಾರುತೀನ ಕೊಂದೆ ನೀನು," ಅಂದಳು.

ಆಸ್ಪತ್ರೆಯಲ್ಲಿ ಒಬ್ಬ ಲೇಡಿ ಡಾಕ್ಟರು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ಇದು ಹಟವಲ್ಲ, ಗಾಳಿಯಲ್ಲ, ಕಾಯಿಲೆ ಎಂದು ಅತ್ತೆಗೆ ತಿಳಿಸಿ ಹೇಳಿದರು. ಎದೆಯ ಬಡಿತ ತುಂಬ ನಿಧಾನವಾಗಿದೆ, ಇನ್ನಷ್ಟು ದಿನ ತಡ ಮಾಡಿದ್ದರೆ ಉಳಿಯುತ್ತಿರಲಿಲ್ಲ ಅಂದರು. ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತ ನನಗೆ ಇದೆಲ್ಲ ಕೇಳಿಸುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ. ನಾನು ಮಾರುತಿಯ ಸುದ್ದಿಗೆ ಕಾಯುತ್ತಿದ್ದೆ. ಮಾರನೆಯ ದಿನ ಅಪ್ಪ ಅಮ್ಮ ಬಂದರು, ಅವನನ್ನು ಎದುರುಮನೆಯವರ ಹತ್ತಿರ ಬಿಟ್ಟು. ನನಗೆ ಅದು ಸಾಲಲಿಲ್ಲ. ಅವರು ಬಂದ ಮೇಲೆ ಏನಾಯಿತೋ ಯಾರಿಗೆ ಗೊತ್ತು? ಅಪ್ಪ ಗಂಗಕ್ಕನ ಕೈಗೆ ಚುಚ್ಚಿದ್ದ ಗ್ಲೂಕೋಸಿನ ನಳಿಗೆಯನ್ನು ನೋಡುತ್ತಾ ಬಾಗಿಲಲ್ಲೇ ನಿಂತಿದ್ದ. ಆಮೇಲೆ ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತ.

"ಇಷ್ಟ್ ವರ್ಷ ಹುಳ ಸಾಕಿದೀನಿ ನಾಗೂ. ಯಾವ ಹುಳಕ್ಕೆ ಏನಾಗೈತೆ ಅಂತ ದೂರದಿಂದ್ಲೇ ಹೇಳ್ತೀನಿ. ಮಗಳು ಮಾತ್ರ ಗೊತ್ತಾಗ್ಲಿಲ್ಲ."

ಅಪ್ಪ ಅಳುವುದನ್ನು ನೋಡಿದರೂ ನನಗೆ ಅವನ ಮೇಲೆ ಕರುಣೆ ಬರಲಿಲ್ಲ. ಭಯಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಒಳಗೆ ಜಾಗವಿರಲಿಲ್ಲ.

ಒಂದು ವಾರದ ಮೇಲೆ ಅಪ್ಪ ನನ್ನನ್ನು ಕರೆದುಕೊಂಡು ಊರಿಗೆ ಹೊರಟ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ನಾನು ಕಿಟಕಿಯಾಚೆ ನೋಡಲಿಲ್ಲ. ಊರ ಬಸ್ ನಿಲ್ದಾಣದಲ್ಲಿ ಇಳಿದಾಗ ಮಾರುತಿ ಇರಲಿಲ್ಲ. ಯಾವ ಬಸ್ಸು ಬಂದರೂ ಓಡಿ ಬರುವ ಹುಡುಗ. ಎದುರುಮನೆಯಲ್ಲೂ ಇರಲಿಲ್ಲ. "ಈಗ್ಲೇ ಇಲ್ಲೇ ಇದ್ನಲ್ಲ," ಅಂದಳು ಆ ಮನೆಯಾಕೆ. ಅಪ್ಪ ಬೀಗ ತೆಗೆಯುತ್ತಿದ್ದ. ನಾನು ಮನೆಯ ಹಿಂದೆ ಓಡಿದೆ. ಬಾವಿಯ ಕಟ್ಟೆಯ ಮೇಲೆ ಹೊಟ್ಟೆ ಊರಿ ಬಗ್ಗಿ ನೋಡಿದೆ. ನೀರು ಅಲುಗದೆ ನಿಂತಿತ್ತು. ಅದರಲ್ಲಿ ನನ್ನದೇ ತಲೆ ಕಾಣಿಸಿ ಚೀರಿದೆ.

ಅವನು ಹಿತ್ತಲ ಕಡೆಯ ಕಿಟಕಿಯಿಂದ ನಡುಮನೆಗೆ ನುಸುಳಿ, ಒಟ್ಟಿದ ಖಾಲಿ ತಟ್ಟೆಗಳ ಹಿಂದೆ ಕೂತಿದ್ದ. ಚೀರಿದ್ದು ಕೇಳಿ ಹೊರಗೆ ಬಂದ. ಬಂದವನು ನನ್ನನ್ನು ಅಪ್ಪಿಕೊಳ್ಳಲಿಲ್ಲ. ಎರಡೂ ಕೈಯಿಂದ ನನ್ನ ಮುಖ ಮುಟ್ಟಿದ, ತಲೆ ಮುಟ್ಟಿದ, ಕೈ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದ. ಆಮೇಲೆ ನೆಲಕ್ಕೆ ಕುಸಿದು ಕೂತು ಗಟ್ಟಿಯಾಗಿ ಅತ್ತ. ಇಷ್ಟು ದಿನ ಬಿಟ್ಟಿದ್ದಕ್ಕೆ ಅಳುತ್ತಿದ್ದಾನೆ ಎಂದು ಅಪ್ಪ ಅವನನ್ನು ಎತ್ತಿಕೊಂಡ. ನನಗೆ ಅವನು ಬದುಕಿದ್ದದ್ದೇ ಸಾಕಾಗಿತ್ತು, ಬೇರೇನೂ ಕೇಳಲಿಲ್ಲ.

ಗಂಗಕ್ಕ ಉಳಿದಳು. ಸುಲಭವಾಗಿ ಅಲ್ಲ. ಬಳ್ಳಾರಿಗೆ ವರ್ಷಗಟ್ಟಲೆ ಓಡಾಟ, ಒಂದು ಸಲ ಚೇತರಿಕೆ, ಇನ್ನೊಂದು ಸಲ ಮತ್ತೆ ಅದೇ. ಅತ್ತೆ ಅವಳನ್ನು ತನ್ನ ಹತ್ತಿರವೇ ಇಟ್ಟುಕೊಂಡು, ದಿನಕ್ಕೆ ಐದು ಸಲ ಚೂರು ಚೂರು ಕೊಟ್ಟು, ಪಕ್ಕದಲ್ಲಿ ಕೂತು ಬೇರೆ ಮಾತಾಡುತ್ತಾ ಉಣ್ಣಿಸಿದಳು. ಗಂಗಕ್ಕ ರಾಯದುರ್ಗದಲ್ಲೇ ಮದುವೆಯಾಗಿ ಅಲ್ಲೇ ಇದ್ದಾಳೆ. ಒಬ್ಬ ಮಗಳಿದ್ದಾಳೆ. ಈಗಲೂ ನಾಲ್ಕು ಜನರ ನಡುವೆ ಉಣ್ಣುವುದಿಲ್ಲ, ಎಲ್ಲರದೂ ಆದ ಮೇಲೆ ಒಬ್ಬಳೇ ಕೂರುತ್ತಾಳೆ. ಫೋನಿನಲ್ಲಿ ನಾನು ಅವಳನ್ನು ಮಳೆ ಬಂತಾ ಎಂದು ಕೇಳುತ್ತೇನೆ, ಮಗಳ ಓದು ಕೇಳುತ್ತೇನೆ, ಊಟ ಆಯಿತಾ ಎಂದು ಮಾತ್ರ ಕೇಳುವುದಿಲ್ಲ. ಒಂದು ಸಲ ಧೈರ್ಯ ಮಾಡಿ ಆ ಆಣೆಯ ಮಾತೆತ್ತಿದೆ. "ನಾನಾ? ಇಲ್ವೇ ನಾಗೂ. ಮಾರುತಿ ತಲೆ ಮ್ಯಾಲಾ? ನಾನು ಅಂಥದ್ದು ಮಾಡ್ತಿದ್ನಾ?" ಅಂದಳು. ಸುಳ್ಳು ಹೇಳುತ್ತಿರಲಿಲ್ಲ. ಆ ವರ್ಷ ಅವಳ ನೆನಪಿನಿಂದ ಬಹುಪಾಲು ಅಳಿಸಿಹೋಗಿದೆ. ಅವಳಿಗೆ ಮರೆತುಹೋದದ್ದನ್ನು ನಾನೊಬ್ಬಳೇ ಹೊತ್ತುಕೊಂಡಿದ್ದೇನೆ ಎಂದು ಆ ದಿನ ತುಂಬ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಮಾರುತಿಗೆ ಹೇಳಿದೆ. ಅವನಿಗೀಗ ಎರಡು ಮಕ್ಕಳು, ಊರಲ್ಲೇ ಇದ್ದಾನೆ, ಹುಳುವಿಗೆ ಬೇರೆ ಶೆಡ್ಡು ಕಟ್ಟಿಸಿದ್ದಾನೆ. ನಾನು ಮಂಡಲ ಆಫೀಸಿನ ಕೆಲಸದಲ್ಲಿರುವವಳು, ಒಂದು ಭಾನುವಾರ ಬೆಳಿಗ್ಗೆ ಹೋಗಿ ಸಂಜೆಯ ಬಸ್ಸಿಗೆ ವಾಪಸಾಗುವುದೆಂದು ಹೋಗಿದ್ದೆ. ಅಂಗಳದಲ್ಲಿ ಕೂತು ಇಬ್ಬರೂ ಬೀಜಕ್ಕೆಂದು ಕಡಲೆಕಾಯಿ ಸುಲಿಯುತ್ತಿದ್ದೆವು. ಅವನ ತಲೆ ಮುಟ್ಟಿ ಆಣೆ ಇಟ್ಟದ್ದು, ರಾಯದುರ್ಗದಲ್ಲಿ ಮುರಿದದ್ದು, ಬಸ್ಸಿನಲ್ಲಿ ಬಂದದ್ದು ಎಲ್ಲ ಹೇಳಿ, ನಗುತ್ತಾನೆ ಎಂದು ಕಾದೆ. ಅವನ ಕೈ ನಿಂತುಹೋಗಿತ್ತು.

"ನನ್ ಕೈಲೂ ಇಡಿಸ್ಕಂಡಿದ್ಲು ಅಕ್ಕ," ಅಂದ.

"ಏನು?"

"ಆಣೆ. ನಿನ್ ತಲೆ ಮ್ಯಾಲೆ. ನೀನು ಮಲಗಿದ್ದೆ. ಬೆಳಿಗ್ಗೆ ಹೊತ್ತು ಅವ್ಳ ರೊಟ್ಟಿ ನಾನು ಹುಳದ ಹಿಕ್ಕೆ ಬುಟ್ಟೀಲಿ ಮುಚ್ಚಿ ತಿಪ್ಪೆಗೆ ಹಾಕಿ ಬರ್ಬೇಕು. ಹೇಳಿದ್ರೆ ನೀನು ಸಾಯ್ತೀಯ ಅಂದಿದ್ಲು."

ಕ್ಲಾಸಿನ ಬಾಗಿಲಲ್ಲಿ ಇಣುಕುತ್ತಿದ್ದವನು, ಲಂಗ ಹಿಡಿದು ಅಳುತ್ತಿದ್ದವನು, ನನ್ನಿಂದ ಎರಡೇಟು ತಿಂದವನು. ಆರು ವರ್ಷದವನು.

"ಎಲ್ಲಾ ಗೊತ್ತಾಗೋಯ್ತು ಅಂತ ಅಮ್ಮ ಅತ್ಕಂಡು ಬಳ್ಳಾರಿಗೆ ಹೋದ್ಲು. ನಾನು ಯಾರಿಗೂ ಹೇಳಿರ್ಲಿಲ್ಲ. ಆದ್ರೂ ಗೊತ್ತಾಗೈತೆ ಅಂದ್ರೆ ನೀನು ಸತ್ತಿರ್ತೀಯ ಅಂದ್ಕಂಡೆ. ಬಸ್ಸಿಂದ ನಿನ್ನ ಹೆಣ ಇಳಿಸ್ತಾರೆ ಅಂತ ಒಳಗೆ ಹೋಗಿ ಬಚ್ಚಿಟ್ಕಂಡಿದ್ದೆ."

"ಆಮೇಲಾದ್ರೂ ಹೇಳ್ಬಾರ್ದಿತ್ತೇನೋ? ದೊಡ್ಡವನಾದ್ಮೇಲೆ? ಇಷ್ಟು ವರ್ಷ ಯಾಕೋ ಹೇಳ್ಲಿಲ್ಲ?"

ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ ನನ್ನನ್ನು ನೋಡಿದ.

"ನೀನು ಬದುಕಿದ್ಯಲ್ಲ ಅಕ್ಕ."

ಸುಲಿದ ಬೀಜವನ್ನು ಅವನು ಚೀಲಕ್ಕೆ ತುಂಬಿದ. ಬಸ್ಸಿನ ಹೊತ್ತಾಯಿತೆಂದು ನಾನು ಎದ್ದು ಸೀರೆ ಕೊಡವಿಕೊಂಡೆ. ಅವನು ನನಗಿಂತ ಮೊದಲು ನನ್ನ ಬ್ಯಾಗು ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡ.

"ಇವತ್ತು ಬಸ್ ಹತ್ಬೇಡ ಅಕ್ಕ."

"ನಾಳೆ ಆಫೀಸೈತೆ ಕಣೋ."

"ಈಗ ಬಾಯಿ ಬಿಟ್ಟಿದೀನಲ್ಲ. ಇವತ್ತೊಂದಿನ ನನ್ ಕಣ್ಮುಂದೆ ಇರು."

ಮೂವತ್ತು ದಾಟಿದ, ಮೀಸೆ ಬಿಟ್ಟ ಗಂಡಸು. ನಗಬೇಕೆಂದುಕೊಂಡೆ, ಆಗಲಿಲ್ಲ. ಬಸ್ಸು ಹಾರನ್ನು ಹೊಡೆಯುತ್ತಾ ಬಂದು, ನಿಂತು, ಹೋಯಿತು. ನಾನು ಅವನ ಪಕ್ಕದಲ್ಲೇ ಕೂತಿದ್ದೆ.